ಘಟ್ಟದ ತಿರುವು ಮತ್ತು ಸ್ಟೇರಿಂಗ್

ಮಂಚಿಕೇರಿಯಿಂದ ಕರಾವಳಿಗೆ ಇಳಿಯುವ ವಾಹನಗಳು ಯಲ್ಲಾಪುರದ ಕಡೆಯಿಂದ ಅರಬೈಲು ಘಟ್ಟವನ್ನೋ ಶಿರಸಿಯ ಕಡೆಯಿಂದ ದೇವಿಮನೆ ಘಟ್ಟವನ್ನೋ ಹಿಡಿಯುತ್ತವೆ. ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಅಲ್ಲಿನ ತಿರುವುಗಳಲ್ಲಿ ಗಾಡಿ ಹೊರಳಿಸುತ್ತಿದ್ದುದು ಚಾಲಕರ ತೋಳಬಲವೇ. 1983ರಲ್ಲಿ ಬಂದ ಮಾರುತಿ 800 ಹಗುರಾದ್ದರಿಂದ ಪವರ್ ಸ್ಟೇರಿಂಗ್ ಇಲ್ಲದೆಯೂ ಸಲೀಸಾಗಿ ತಿರುಗುತ್ತಿತ್ತು.

ಹೈಡ್ರಾಲಿಕ್ ಪವರ್ ಸ್ಟೇರಿಂಗ್ 1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂತು. ಅದರಲ್ಲಿ ಎಂಜಿನ್ನಿನ ಬೆಲ್ಟು ತಿರುಗಿಸುವ ಪಂಪು ಎಣ್ಣೆಯ ಒತ್ತಡದಿಂದ ಚಾಲಕನ ಕೈಗೆ ನೆರವಾಗುತ್ತದೆ. ನೇರ ರಸ್ತೆಯಲ್ಲೂ ಪಂಪು ಸುತ್ತುತ್ತಲೇ ಇರುವುದರಿಂದ ಇಂಧನ ದಂಡ. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ಪಂಪಿನ ಜಾಗಕ್ಕೆ ವಿದ್ಯುತ್ ಮೋಟಾರು ಬಂತು. ಬೇಕಾದಾಗ ಮಾತ್ರ ದುಡಿಯುವ ಈ ಏರ್ಪಾಡು ಮುಂದೆ ಮಾರುತಿಯ ಸಣ್ಣ ಕಾರುಗಳಿಗೂ ತಲುಪಿತು.

ಹಳೆಯ ಕಾರಿನ ಹೈಡ್ರಾಲಿಕ್ ಸ್ಟೇರಿಂಗನ್ನು ವಿದ್ಯುತ್ ಸ್ಟೇರಿಂಗಿಗೆ ಬದಲಿಸುವಾಗ ಪಂಪು, ಎಣ್ಣೆ ಡಬ್ಬಿ, ಹೋಸ್‌ಪೈಪುಗಳನ್ನು ಕಳಚಿ, ಮೋಟಾರಿರುವ ಸ್ಟೇರಿಂಗ್ ಕಾಲಮ್ ಕೂರಿಸುತ್ತಾರೆ. ಬ್ಯಾಟರಿಯಿಂದ ದಪ್ಪ ತಂತಿ, ಅದಕ್ಕೆ ತಕ್ಕ ಫ್ಯೂಸು ಬೇಕು. ವೇಗದ ಸಂಕೇತವೂ ಸರಿಯಾಗಿ ಸಿಗಬೇಕು. ಇಲ್ಲದಿದ್ದರೆ ವೇಗ ಹೆಚ್ಚಿದಾಗ ಸ್ಟೇರಿಂಗ್ ಅತಿಯಾಗಿ ಹಗುರಾಗಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಾಲಮ್ಮಿನ ಶಾಫ್ಟನ್ನು ಕತ್ತರಿಸಿ ಬೆಸೆಯುವ ಕೆಲಸ. ಘಟ್ಟದಿಳಿಜಾರಿನಲ್ಲಿ ಆ ಬೆಸುಗೆ ಬಿಟ್ಟರೆ ಚಕ್ರಗಳ ಮೇಲಿನ ಹಿಡಿತವೇ ತಪ್ಪುತ್ತದೆ. ಹಾಗಾಗಿ ಅದು ನುರಿತ ಕೈಗಳಿಗಷ್ಟೇ ಸಲ್ಲುವ ಕೆಲಸ.