ಬೇಕೆಂದೇ ಮಾಡಿದ ತಪ್ಪು

1974ರಲ್ಲಿ ತೆರೆಕಂಡ ಅಮೆರಿಕದ ಹಾಸ್ಯಚಿತ್ರ ‘ಬ್ಲೇಜಿಂಗ್ ಸ್ಯಾಡಲ್ಸ್’ನ ಕಥೆ ನಡೆಯುವುದು 1874ರಲ್ಲಿ. ಆದರೆ ಮರುಭೂಮಿಯ ನಡುವೆ ಕೌಂಟ್ ಬೇಸಿ ತಮ್ಮ ವಾದ್ಯವೃಂದದೊಡನೆ ಜಾಜ್ ನುಡಿಸುತ್ತಿರುತ್ತಾರೆ. ಅವರು ಹುಟ್ಟಿದ್ದೇ 1904ರಲ್ಲಿ! ಮೊದಲ ಸಲ ನೋಡಿದಾಗ ಇಂಥ ತಪ್ಪುಗಳನ್ನೆಣಿಸುತ್ತ ನಕ್ಕಿದ್ದೆ. ನಿರ್ದೇಶಕ ಮೆಲ್ ಬ್ರೂಕ್ಸ್ ಅವನ್ನು ಬೇಕೆಂದೇ ಮಾಡಿದ್ದರು.

ಪ್ರೇಕ್ಷಕರ ಅಭಿಪ್ರಾಯ ಇಂದಿಗೂ ಒಂದಾಗಿಲ್ಲ. ಕಪ್ಪುಜನರನ್ನು ಹೀಗಳೆಯುವ ಮಾತು ಚಿತ್ರದುದ್ದಕ್ಕೂ ಕೇಳಿಬರುವುದರಿಂದ ಕೆಲವರಿಗೆ ನಗು ಬಾರದು. ಹಾಗೆ ಆಡಿದವರೇ ನಗೆಗೀಡಾಗುತ್ತಾರೆಂಬುದು ಉಳಿದವರ ವಾದ. ಚಿತ್ರಕಥೆ ಬರೆದವರಲ್ಲಿ ಕಪ್ಪುಜನಾಂಗದ ಹಾಸ್ಯನಟ ರಿಚರ್ಡ್ ಪ್ರಯರ್ ಅವರೂ ಇದ್ದರೆಂಬುದನ್ನು ಮರೆಯಲಾಗದು.

ಅಂದಿನ ಪಶ್ಚಿಮದಲ್ಲಿ ದನಗಾಹಿಗಳಾಗಿ ದುಡಿದ ಕಪ್ಪುಜನರು ಸಾವಿರಾರು. ‘ಗಂಭೀರ’ ಚಿತ್ರಗಳು ದಶಕಗಳ ಕಾಲ ಅವರನ್ನು ಬಹುಮಟ್ಟಿಗೆ ಮರೆಸಿದವು. ಕಪ್ಪು ಷೆರೀಫನೊಬ್ಬನನ್ನು ಊರಿಗೆ ಕರೆತಂದ ಈ ಹುಡುಗಾಟ ಆ ಹಿರಿಯ ತಪ್ಪನ್ನು ಎತ್ತಿ ತೋರಿತು. ಬೇಸಿಯವರ ವಾದ್ಯಕ್ಕೆ ನಕ್ಕ ನಾನು ಅದನ್ನು ಎಣಿಸಿಯೇ ಇರಲಿಲ್ಲ.