‘ಸದ್ಯಕ್ಕೆ’ ಎಂಬ ಅರ್ಧ ಶತಮಾನ: ಜಪಾನ್ ಸೇನೆಯ ಕೊರಿಯನ್ ಗಾಯಾಳುಗಳು

1952ರ ಏಪ್ರಿಲ್ 28ರಂದು ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದ ಜಾರಿಗೆ ಬಂದು ಜಪಾನ್ ತನ್ನ ಸಾರ್ವಭೌಮತ್ವವನ್ನು ಮರಳಿ ಪಡೆಯಿತು. ಅದೇ ದಿನ ಜಪಾನಿನಲ್ಲಿ ನೆಲೆಸಿದ್ದ ಕೊರಿಯನ್ನರು ಜಪಾನೀ ರಾಷ್ಟ್ರೀಯತೆಯನ್ನು ಕಳೆದುಕೊಂಡರು. ಇದಕ್ಕಾಗಿ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಒಂಬತ್ತು ದಿನ ಮೊದಲು ಹೊರಟಿದ್ದ ಒಂದು ಇಲಾಖಾ ಸುತ್ತೋಲೆಯೇ ಸಾಕಾಯಿತು. ಎರಡು ದಿನಗಳ ನಂತರ, ಏಪ್ರಿಲ್ 30ರಂದು, ಯುದ್ಧದಲ್ಲಿ ಗಾಯಗೊಂಡವರಿಗೂ ಮಡಿದವರ ಕುಟುಂಬಗಳಿಗೂ ನೆರವು ನೀಡುವ ಕಾನೂನು ಪ್ರಕಟವಾಯಿತು. ಅದರ ಕೊನೆಯ ಪೂರಕ ನಿಯಮಗಳಲ್ಲಿ ಒಂದು ಚಿಕ್ಕ ವಾಕ್ಯವಿತ್ತು: ಜಪಾನಿನ ಕುಟುಂಬ ದಾಖಲಾತಿ ಕಾಯಿದೆಯ ವ್ಯಾಪ್ತಿಗೆ ಬಾರದವರಿಗೆ ಈ ಕಾನೂನು ಸದ್ಯಕ್ಕೆ ಅನ್ವಯಿಸುವುದಿಲ್ಲ. ಆ ‘ಸದ್ಯಕ್ಕೆ’ ಸುಮಾರು ಐವತ್ತು ವರ್ಷ ಉಳಿಯಿತು.

ಯುದ್ಧದ ಗಾಯಕ್ಕೆ ತಡವಾಗಿ ಮನ್ನಣೆ ಕೋರಿದ ಯೋಧರ ಕಥೆಗಳು ಸಾಮಾನ್ಯವಾಗಿ ಪುರಾವೆಯ ಕಥೆಗಳಾಗಿರುತ್ತವೆ. ಆಸ್ಪತ್ರೆಯ ಕಡತ ಕಳೆದಿರುತ್ತದೆ, ಜೊತೆಗಿದ್ದ ಸಾಕ್ಷಿ ತೀರಿಕೊಂಡಿರುತ್ತಾನೆ, ಅಧಿಕಾರಿ ವರದಿ ಬರೆದಿರುವುದಿಲ್ಲ. ಕೊರಿಯನ್ ಗಾಯಾಳುಗಳ ಪ್ರಕರಣವನ್ನು ಅಲ್ಲಿಟ್ಟು ನೋಡಿದರೆ ಅರ್ಥವಾಗದು. ಅವರ ಕಥೆಯಲ್ಲಿ ವಿವಾದ ಗಾಯದ್ದಾಗಿರಲಿಲ್ಲ. ಕೈ ಹೋದದ್ದನ್ನು, ಕಾಲು ಹೋದದ್ದನ್ನು, ಅದು ಜಪಾನಿನ ಸೇವೆಯಲ್ಲಿಯೇ ಹೋದದ್ದನ್ನು ಅಲ್ಲಗಳೆದು ಅವರನ್ನು ಹೊರಗಿಟ್ಟದ್ದಲ್ಲ. ಆ ಮನುಷ್ಯ ಯಾವ ದಾಖಲೆಯ ಪುಟದಲ್ಲಿದ್ದಾನೆ ಎಂಬುದೊಂದೇ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ 1952ರಲ್ಲಿ ಹುಟ್ಟಿದ್ದಲ್ಲ. 1910ರಲ್ಲಿ ಕೊರಿಯಾವನ್ನು ತನ್ನೊಳಗೆ ಸೇರಿಸಿಕೊಂಡ ಜಪಾನ್, ಕೊರಿಯನ್ನರನ್ನು ಸಾಮ್ರಾಟನ ಪ್ರಜೆಗಳೆಂದು ಘೋಷಿಸಿತು. ಆದರೆ ಅವರ ಕುಟುಂಬ ದಾಖಲೆಗಳನ್ನು, ಅಂದರೆ ‘ಕೊಸೆಕಿ’ಯನ್ನು, ಪ್ರತ್ಯೇಕವಾಗಿಯೇ ಇಟ್ಟಿತು. ಮದುವೆ, ದತ್ತುಗಳಂಥ ಸಂದರ್ಭಗಳನ್ನು ಬಿಟ್ಟರೆ ಕೊರಿಯಾದ ದಾಖಲೆಯಿಂದ ಜಪಾನಿನ ದಾಖಲೆಗೆ ದಾಟಲು ಅವಕಾಶವಿರಲಿಲ್ಲ. ಒಸಾಕಾದಲ್ಲಿ ಹುಟ್ಟಿ, ಜಪಾನೀ ಭಾಷೆಯಲ್ಲಿಯೇ ಓದಿ ಬೆಳೆದವನ ಮೂಲಸ್ಥಾನವೂ ಕೊರಿಯಾದ ಯಾವುದೋ ಹಳ್ಳಿಯೆಂದೇ ಬರೆಯಲ್ಪಡುತ್ತಿತ್ತು. ಸಾಮ್ರಾಜ್ಯ ಹೊರಗಿನವರ ಮುಂದೆ ಎಲ್ಲರೂ ಒಂದೇ ಎಂದು ಸಾರುತ್ತಲೇ ಒಳಗೆ ಒಂದು ಗೆರೆಯನ್ನು ಅಳಿಸದೆ ಉಳಿಸಿಕೊಂಡಿತ್ತು. 1952ರಲ್ಲಿ ಆ ಒಳಗೆರೆಯೇ ಹೊರಗಿನ ಗೋಡೆಯಾಯಿತು. ಕೊರಿಯನ್ನರನ್ನು ಮದುವೆಯಾಗಿ ಗಂಡನ ದಾಖಲೆಗೆ ಸೇರಿದ್ದ ಜಪಾನೀ ಹೆಂಗಸರೂ ಅಂದು ರಾಷ್ಟ್ರೀಯತೆ ಕಳೆದುಕೊಂಡರೆಂಬುದು, ಇಲ್ಲಿ ನಿರ್ಣಾಯಕವಾದದ್ದು ರಕ್ತವೂ ಅಲ್ಲ, ಭಾಷೆಯೂ ಅಲ್ಲ, ದಾಖಲೆಯ ಪುಸ್ತಕ ಎಂಬುದನ್ನು ತೋರಿಸುತ್ತದೆ.

ಯುದ್ಧಕ್ಕೆ ಜನ ಬೇಕಾದಾಗ ಈ ಗೆರೆ ಅಡ್ಡಬರಲಿಲ್ಲ. 1938ರಲ್ಲಿ ಕೊರಿಯನ್ನರಿಗಾಗಿ ವಿಶೇಷ ಸ್ವಯಂಸೇವಕ ಭರ್ತಿ ಆರಂಭವಾಯಿತು. 1944ರಲ್ಲಿ ಕಡ್ಡಾಯ ಸೇನಾಭರ್ತಿ ಜಾರಿಯಾಯಿತು. ಜಪಾನ್ ಸರ್ಕಾರದ ಲೆಕ್ಕದಂತೆ ಸೈನಿಕರೂ ಸೇನೆಯ ನೌಕರರೂ ಸೇರಿ ಸುಮಾರು 2,42,000 ಕೊರಿಯನ್ನರು ಯುದ್ಧಸೇವೆಗೆ ಒಳಗಾದರು. ಅವರಲ್ಲಿ ಸುಮಾರು 22,000 ಮಂದಿ ಸತ್ತರು.

ಶಿಕ್ಷೆಯ ವಿಷಯದಲ್ಲಿಯೂ ಗೆರೆ ಅಡ್ಡಬರಲಿಲ್ಲ. ಮಿತ್ರರಾಷ್ಟ್ರಗಳ ನ್ಯಾಯಮಂಡಳಿಗಳು ಬಿ ಮತ್ತು ಸಿ ವರ್ಗದ ಯುದ್ಧಾಪರಾಧಿಗಳೆಂದು ಶಿಕ್ಷಿಸಿದವರಲ್ಲಿ 148 ಮಂದಿ ಕೊರಿಯನ್ನರಿದ್ದರು. ಅವರಲ್ಲಿ 23 ಮಂದಿಗೆ ಮರಣದಂಡನೆಯಾಯಿತು. ರಾಷ್ಟ್ರೀಯತೆ ಹೋದ ಮೇಲೆ ತಮ್ಮನ್ನು ಜಪಾನಿನ ಸೆರೆಮನೆಯಲ್ಲಿ ಇಟ್ಟುಕೊಳ್ಳಲು ಆಧಾರವೇನು ಎಂದು ಸೆರೆಯಲ್ಲಿದ್ದವರು ಕೇಳಿದಾಗ, 1952ರ ಜುಲೈ 30ರಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು: ಶಿಕ್ಷೆಯಾದ ಹೊತ್ತಿಗೆ ಅವರು ಜಪಾನೀಯರಾಗಿದ್ದರಷ್ಟೆ. ಅದೇ ತರ್ಕವನ್ನು ಗಾಯಕ್ಕೆ ಅನ್ವಯಿಸಿದ್ದರೆ, ಗಾಯವಾದ ಹೊತ್ತಿಗೆ ಜಪಾನೀಯನಾಗಿದ್ದವನಿಗೆ ಪಿಂಚಣಿ ಸಲ್ಲಬೇಕಿತ್ತು. ಅಪರಾಧಕ್ಕೆ ಹಿಂದಿನ ರಾಷ್ಟ್ರೀಯತೆ, ಗಾಯಕ್ಕೆ ಇಂದಿನ ರಾಷ್ಟ್ರೀಯತೆ ಎಂಬ ಈ ಎರಡು ಅಳತೆಗೋಲುಗಳು ಒಂದೇ ವರ್ಷದಲ್ಲಿ ಬಳಕೆಗೆ ಬಂದವು. 1946ರಲ್ಲಿ ನಿಂತುಹೋಗಿದ್ದ ಸೇನಾ ಪಿಂಚಣಿಯನ್ನು 1953ರಲ್ಲಿ ಮತ್ತೆ ಆರಂಭಿಸಿದಾಗಲೂ ರಾಷ್ಟ್ರೀಯತೆ ಕಳೆದುಕೊಂಡವರಿಗೆ ಅದರಲ್ಲಿ ಪಾಲಿರಲಿಲ್ಲ.

ಹೀಗೆ ಹೊರಗುಳಿದವರಲ್ಲಿ ಹಲವರು ಬೀದಿಗೆ ಬಂದರು. ಬಿಳಿ ಆಸ್ಪತ್ರೆ ಉಡುಪು ತೊಟ್ಟು, ಅಕಾರ್ಡಿಯನ್ ನುಡಿಸುತ್ತ, ರೈಲುಗಳಲ್ಲಿ ಕಾಸು ಬೇಡುವ ಗಾಯಾಳು ಯೋಧರು ಯುದ್ಧೋತ್ತರ ಜಪಾನಿನ ಪರಿಚಿತ ದೃಶ್ಯವಾಗಿದ್ದರು. ಅವರಲ್ಲಿ ಕೊರಿಯನ್ನರೂ ಇದ್ದಾರೆಂಬುದನ್ನು ಸಾಮಾನ್ಯ ವೀಕ್ಷಕರ ಮುಂದಿಟ್ಟದ್ದು ನಾಗಿಸಾ ಒಶಿಮಾ 1963ರಲ್ಲಿ ದೂರದರ್ಶನಕ್ಕಾಗಿ ತಯಾರಿಸಿದ ‘ಮರೆತುಹೋದ ಸಾಮ್ರಾಟನ ಸೇನೆ’ ಎಂಬ ಕಿರು ಸಾಕ್ಷ್ಯಚಿತ್ರ. ಅದರಲ್ಲಿ ಗಾಯಾಳುಗಳ ಗುಂಪೊಂದು ಪ್ರಧಾನಿಯ ನಿವಾಸಕ್ಕೂ ವಿದೇಶಾಂಗ ಇಲಾಖೆಗೂ ಮನವಿ ಹಿಡಿದು ಹೋಗುತ್ತದೆ. ನೀವೀಗ ಕೊರಿಯನ್ನರು, ನಿಮ್ಮ ಸರ್ಕಾರವನ್ನು ಕೇಳಿ ಎಂಬ ಉತ್ತರ ಬರುತ್ತದೆ. ಅಲ್ಲಿಂದ ಅವರು ದಕ್ಷಿಣ ಕೊರಿಯಾದ ಪ್ರತಿನಿಧಿ ಕಚೇರಿಗೆ ಹೋಗುತ್ತಾರೆ. ನಿಮ್ಮ ಗಾಯ ಜಪಾನಿಗಾಗಿ ಆದದ್ದು, ಜಪಾನನ್ನೇ ಕೇಳಿ ಎಂದು ಅಲ್ಲಿಯೂ ಹೇಳಲಾಗುತ್ತದೆ. ಎರಡೂ ಕಚೇರಿಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ಸತ್ಯಗಳ ನಡುವೆ ನಿಂತವರಿಗೆ ಹೋಗಲು ಮೂರನೆಯ ಕಚೇರಿ ಇರಲಿಲ್ಲ.

1965ರ ಜಪಾನ್–ಕೊರಿಯಾ ಒಪ್ಪಂದ ಈ ಸ್ಥಿತಿಯನ್ನು ಗಟ್ಟಿಗೊಳಿಸಿತು. ಎರಡು ರಾಷ್ಟ್ರಗಳ ನಡುವಿನ ಹಕ್ಕುಬಾಧ್ಯತೆಗಳೆಲ್ಲ ಸಂಪೂರ್ಣವಾಗಿ, ಅಂತಿಮವಾಗಿ ಇತ್ಯರ್ಥವಾದವೆಂದು ಅದು ಘೋಷಿಸಿತು. 1970ರ ದಶಕದಲ್ಲಿ ದಕ್ಷಿಣ ಕೊರಿಯಾ ಮೃತರ ಕುಟುಂಬಗಳಿಗೆ ತಲಾ 3,00,000 ವೋನ್ ನೀಡಿತು. ಆದರೆ ಆ ಯೋಜನೆಯಲ್ಲಿ ಬದುಕುಳಿದ ಗಾಯಾಳುಗಳೂ ಜಪಾನಿನಲ್ಲಿ ನೆಲೆಸಿದವರೂ ಸೇರಿರಲಿಲ್ಲ.

ಬೇರೆ ದಾರಿ ಇರಲೇ ಇಲ್ಲವೆನ್ನುವಂತಿಲ್ಲ. ಅಣುಬಾಂಬಿಗೆ ತುತ್ತಾದವರ ವೈದ್ಯಕೀಯ ನೆರವಿಗಾಗಿ 1957ರಲ್ಲಿ ಬಂದ ಕಾನೂನಿನಲ್ಲಿ ರಾಷ್ಟ್ರೀಯತೆಯ ಷರತ್ತು ಇರಲಿಲ್ಲ. ಚಿಕಿತ್ಸೆಗಾಗಿ ಅನುಮತಿಯಿಲ್ಲದೆ ಜಪಾನಿಗೆ ಬಂದಿದ್ದ ಕೊರಿಯನ್ ಸಂತ್ರಸ್ತನಿಗೂ ಅದು ಸಲ್ಲುತ್ತದೆಂದು 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನಿರಾಶ್ರಿತರ ಒಡಂಬಡಿಕೆಗೆ ಸೇರಿದ ಜಪಾನ್ 1982ರಲ್ಲಿ ರಾಷ್ಟ್ರೀಯ ಪಿಂಚಣಿ, ಮಕ್ಕಳ ಭತ್ಯೆ ಮೊದಲಾದ ಕಾನೂನುಗಳಿಂದ ರಾಷ್ಟ್ರೀಯತೆಯ ಷರತ್ತನ್ನು ತೆಗೆದುಹಾಕಿತು. ತೈವಾನಿನ ಮೃತರ ಕುಟುಂಬಗಳಿಗೂ ತೀವ್ರ ಗಾಯಾಳುಗಳಿಗೂ ತಲಾ 20 ಲಕ್ಷ ಯೆನ್ ನೀಡುವ ಕಾನೂನು 1987ರಲ್ಲಿ ಬಂತು. ಇಷ್ಟಾದರೂ ಜಪಾನಿನಲ್ಲಿಯೇ ಬದುಕುತ್ತಿದ್ದ, ತೆರಿಗೆ ಕಟ್ಟುತ್ತಿದ್ದ ಕೊರಿಯನ್ ಗಾಯಾಳುಗಳ ಪಾಲಿಗೆ 1952ರ ‘ಸದ್ಯಕ್ಕೆ’ ಹಾಗೆಯೇ ಉಳಿಯಿತು.

1990ರ ದಶಕದಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿದ್ದ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ನೌಕಾಸೇನೆಯ ನೌಕರರಾಗಿ ಮಾರ್ಷಲ್ ದ್ವೀಪಗಳಲ್ಲಿದ್ದಾಗ ಬಲಗೈ ಕಳೆದುಕೊಂಡಿದ್ದ ಸೊಕ್ ಸೊಂಗ್-ಗಿ ಅವರಲ್ಲೊಬ್ಬರು. ಅವರೂ ಚಿನ್ ಸೊಕ್-ಇಲ್ ಎಂಬವರೂ 1992ರಲ್ಲಿ ಟೋಕಿಯೊದಲ್ಲಿ ಮೊಕದ್ದಮೆ ಹೂಡಿದರು. ಮೊಕದ್ದಮೆ ಮುಗಿಯುವ ಮುನ್ನವೇ ಚಿನ್ ತೀರಿಕೊಂಡರು. ಈ ಮೊಕದ್ದಮೆಗಳ ತೀರ್ಪುಗಳಲ್ಲಿ ವಿಶಿಷ್ಟವಾದೊಂದು ವಿನ್ಯಾಸ ಕಾಣುತ್ತದೆ. 1995ರಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ, ಈ ತಾರತಮ್ಯ ಸಂವಿಧಾನದ ಸಮಾನತೆಯ 14ನೆಯ ವಿಧಿಗೆ ವಿರುದ್ಧವಾಗಿರಬಹುದೆಂಬ ಶಂಕೆಯನ್ನು ವ್ಯಕ್ತಪಡಿಸಿಯೂ ದಾವೆಯನ್ನು ವಜಾ ಮಾಡಿತು. 1998ರಲ್ಲಿ ಟೋಕಿಯೊ ಉಚ್ಚ ನ್ಯಾಯಾಲಯ ಕಾನೂನು ತಿದ್ದುವಂತೆ ಶಾಸಕಾಂಗಕ್ಕೆ ಸೂಚಿಸಿಯೂ ಮೇಲ್ಮನವಿಯನ್ನು ತಳ್ಳಿಹಾಕಿತು. ಅನ್ಯಾಯವನ್ನು ಗುರುತಿಸುವುದು ಒಂದು ಕೆಲಸ, ಪರಿಹಾರ ಕೊಡುವುದು ಇನ್ನೊಬ್ಬರ ಕೆಲಸ ಎಂಬಂತೆ ತೀರ್ಪುಗಳು ವಿಭಾಗವಾದವು. 2001ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸೊಕ್ ಅವರ ಮನವಿಯನ್ನು ಒಪ್ಪಲಿಲ್ಲ.

ಆದರೂ ತೀರ್ಪುಗಳಲ್ಲಿ ವ್ಯಕ್ತವಾದ ಮುಜುಗರ ವ್ಯರ್ಥವಾಗಲಿಲ್ಲ. 1999ರಲ್ಲಿ ಸಂಪುಟದ ಮುಖ್ಯ ಕಾರ್ಯದರ್ಶಿಯಾಗಿದ್ದ ನೊನಾಕಾ ಹಿರೊಮು ಈ ವಿಷಯವನ್ನು ಕೈಗೆತ್ತಿಕೊಂಡರು. 2000ದಲ್ಲಿ ಸಂಸತ್ತು ವಿಶೇಷ ಕಾನೂನೊಂದನ್ನು ಅಂಗೀಕರಿಸಿತು. ಜಪಾನಿನಲ್ಲಿ ಕಾಯಂ ನೆಲೆಸಿರುವ ತೀವ್ರ ಗಾಯಾಳುಗಳಿಗೆ ಒಟ್ಟು 40 ಲಕ್ಷ ಯೆನ್, ಮೃತರ ಕುಟುಂಬಗಳಿಗೆ 26 ಲಕ್ಷ ಯೆನ್. ಇದು ಒಂದೇ ಸಲದ ಪಾವತಿ. ಅಷ್ಟೇ ಗಾಯವಾಗಿದ್ದ ಜಪಾನೀ ಯೋಧ ಜೀವನಪರ್ಯಂತ ವರ್ಷಾಶನ ಪಡೆಯುತ್ತಿದ್ದ. ಕಾನೂನಿನ ಭಾಷೆಯೂ ಗಮನಾರ್ಹ: ಮೃತರ ಕುಟುಂಬಗಳಿಗೆ ಸಾಂತ್ವನ ಧನ, ಗಾಯಾಳುಗಳಿಗೆ ಸಹಾನುಭೂತಿಯ ಧನ. ಪರಿಹಾರ ಎಂಬುದು ಋಣವನ್ನು ಒಪ್ಪಿಕೊಳ್ಳುವ ಮಾತು. ಸಾಂತ್ವನ, ಸಹಾನುಭೂತಿಗಳು ಕೊಡುವವನ ಔದಾರ್ಯವನ್ನು ಹೇಳುವ ಮಾತುಗಳು. ಗಾಯಾಳುಗಳು ಕೇಳಿದ್ದು ಮೊದಲನೆಯದನ್ನು, ದೊರೆತದ್ದು ಎರಡನೆಯದು.

ಇದೇ ಪ್ರಶ್ನೆ ಇನ್ನೊಂದು ಸಾಮ್ರಾಜ್ಯದ ಅವಶೇಷಗಳ ನಡುವೆಯೂ ಎದ್ದಿತ್ತು. ಫ್ರೆಂಚ್ ಸೇನೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದ 743 ಸೆನೆಗಲ್ ಸೈನಿಕರು, ತಮ್ಮ ಪಿಂಚಣಿ ಫ್ರೆಂಚ್ ಸೈನಿಕರಿಗಿಂತ ಕಡಿಮೆಯೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರಿತ್ತರು. 1989ರಲ್ಲಿ ಸಮಿತಿ ಅವರ ಪರವಾಗಿ ನಿಂತಿತು: ಪಿಂಚಣಿಗೆ ಆಧಾರ ಸಲ್ಲಿಸಿದ ಸೇವೆಯೇ ಹೊರತು ರಾಷ್ಟ್ರೀಯತೆಯಲ್ಲ, ಆಮೇಲೆ ರಾಷ್ಟ್ರೀಯತೆ ಬದಲಾಯಿತೆಂಬುದು ಭೇದ ಮಾಡಲು ಸಾಕಾದ ಕಾರಣವಲ್ಲ.

ಕಾಸರಗೋಡು, ಸೊಲ್ಲಾಪುರಗಳ ಅನುಭವವನ್ನು ಇದರ ಪಕ್ಕದಲ್ಲಿ ಇಡುವಾಗ ಎಚ್ಚರ ಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿ ಸರಿಯಿತು, ಪೌರತ್ವ ಸರಿಯಲಿಲ್ಲ; ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ಮತ್ತು 350ಬಿ ವಿಧಿಗಳು ಭಾಷಾ ಅಲ್ಪಸಂಖ್ಯಾತರನ್ನು ಹೆಸರಿಟ್ಟು ಗುರುತಿಸಿದವು. ಕೊರಿಯನ್ ಗಾಯಾಳುಗಳಿಗೆ ಅಂಥ ಆಸರೆ ಇರಲಿಲ್ಲ. ಆದರೆ ಅವರ ಪ್ರಕರಣದಿಂದ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಒಂದು ಪಾಠ ಉಳಿಯುತ್ತದೆ. ಹಕ್ಕು ತಪ್ಪುವುದು ಯಾವಾಗಲೂ ಘೋಷಿತ ದ್ವೇಷದಿಂದಲ್ಲ. ಎಲ್ಲರಿಗಾಗಿ ಬರೆದಂತೆ ಕಾಣುವ ಕಾನೂನಿನ ಕೊನೆಯ ಪುಟದಲ್ಲಿ, ತಾತ್ಕಾಲಿಕವೆಂಬಂತೆ ಸೇರಿಸಿದ ಒಂದು ಪದ ಸಾಕು. ಆ ಪದ ಅಲ್ಲಿಂದ ಕದಲುವ ಹೊತ್ತಿಗೆ ಅದರ ವಿರುದ್ಧ ಮನವಿ ಹಿಡಿದು ಅಲೆದವರಲ್ಲಿ ಬಹುಪಾಲು ಜನ ಉಳಿದಿರಲಿಲ್ಲ.