ನಂಬರ್ ಒನ್ ಜೆರ್ಸಿ ಯಾವ ದೇಶದ್ದು?

ನಾಲ್ಕು ವರ್ಷಕ್ಕೊಮ್ಮೆ ಫುಟ್‌ಬಾಲ್ ವಿಶ್ವಕಪ್ ಬಂದಾಗೆಲ್ಲ ನಮ್ಮ ನ್ಯೂಸ್‌ರೂಮ್‌ನಲ್ಲಿ ಒಂದು ಜಗಳ ಶುರುವಾಗುತ್ತೆ. ಕಪ್ ಯಾರು ಗೆಲ್ತಾರೆ ಅನ್ನೋ ಜಗಳ ಅಂದ್ಕೊಂಡ್ರಾ? ಅದೂ ಇದೆ ಬಿಡಿ. ಆದರೆ ಅದಕ್ಕಿಂತ ಜೋರಾಗಿ ನಡೆಯೋದು, ಯಾವ ತಂಡದ ಜೆರ್ಸಿ ಚೆನ್ನಾಗಿದೆ ಅನ್ನೋ ಜಗಳ. ಗ್ರಾಫಿಕ್ಸ್ ಹುಡುಗರದ್ದು ಒಂದು ಲಿಸ್ಟ್, ಕ್ಯಾಮೆರಾದವರದ್ದು ಇನ್ನೊಂದು. ಫುಟ್‌ಬಾಲ್ ನೋಡದೇ ಇರೋರಿಗೂ ಈ ವಿಷಯದಲ್ಲಿ ಒಂದು ಅಭಿಪ್ರಾಯ ಇರುತ್ತೆ. ಇವತ್ತು ನನ್ನ ಲಿಸ್ಟ್ ನಿಮ್ಮ ಮುಂದೆ ಇಡ್ತೀನಿ. ವಿಶ್ವಕಪ್ ಇತಿಹಾಸದ ಐದು ಅತ್ಯುತ್ತಮ ಜೆರ್ಸಿಗಳು, ಐದರಿಂದ ಒಂದರವರೆಗೆ.

ಮೊದಲು ನನ್ನ ಅಳತೆಗೋಲು ಏನು ಅಂತ ಹೇಳಿಬಿಡ್ತೀನಿ. ನಾನು ಓದಿದ್ದು ಇಂಜಿನಿಯರಿಂಗ್. ಮೊದಲ ವರ್ಷ ಡ್ರಾಯಿಂಗ್ ಕ್ಲಾಸಿನಲ್ಲಿ ನಾನು ಬಹಳ ಅಂದವಾಗಿ ಒಂದು ಚಿತ್ರ ಬರೆದು ತೋರಿಸಿದಾಗ ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಇದು ಯಾವ ಸಮಸ್ಯೆಗೆ ಉತ್ತರ?" ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ತಲೆಯಲ್ಲಿ ಕೂತ ಪಾಠ ಇವತ್ತಿಗೂ ಇದೆ. ಡಿಸೈನ್‌ನಲ್ಲಿ ಅಂದಕ್ಕೆ ಅಂಕ ಕೊಡೋದು ಆಮೇಲೆ. ಮೊದಲು ಪ್ರಶ್ನೆ ಏನಿತ್ತು, ಅದಕ್ಕೆ ಸಿಕ್ಕ ಉತ್ತರ ಏನು ಅಂತ ನೋಡಬೇಕು. ಜೆರ್ಸಿಗಳನ್ನೂ ಹಾಗೇ ನೋಡೋಣ.

ಐದನೇ ಸ್ಥಾನ: ಮೆಕ್ಸಿಕೊ, 1998.

ದೂರದಿಂದ ನೋಡಿದರೆ ಅದೊಂದು ಹಸಿರು ಅಂಗಿ, ಅಷ್ಟೇ. ಕ್ಯಾಮೆರಾ ಹತ್ತಿರ ಹೋದಾಗ ಬಟ್ಟೆಯೊಳಗಿಂದ ಒಂದು ಮುಖ ಎದ್ದು ಬರುತ್ತೆ. ಸುತ್ತ ವೃತ್ತಗಳು, ಮಧ್ಯೆ ಒಬ್ಬ ದೇವತೆ. ಅದು ಆಜ್‌ಟೆಕ್ ಜನರ ಸೂರ್ಯಶಿಲೆ. ಸ್ಪೇನ್‌ನವರು 1521ರಲ್ಲಿ ಆಜ್‌ಟೆಕ್ ರಾಜಧಾನಿಯನ್ನು ಕೆಡವಿ ಅದರ ಮೇಲೆ ತಮ್ಮ ನಗರ ಕಟ್ಟಿದರು. ಆ ಶಿಲೆ ಮಣ್ಣು ಸೇರಿತು. 1790ರಲ್ಲಿ ಮೆಕ್ಸಿಕೊ ನಗರದ ಮುಖ್ಯ ಚೌಕದಲ್ಲಿ ಕೆಲಸ ನಡೆಯುವಾಗ ಮತ್ತೆ ಸಿಕ್ಕಿತು. ಇಪ್ಪತ್ತು ಟನ್ನಿಗೂ ಹೆಚ್ಚು ತೂಕದ ಆ ಕಲ್ಲು ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ. ಮಣ್ಣಿನಡಿ ಹೂತುಹೋದ ಒಂದು ನಾಗರಿಕತೆಯನ್ನು ಆಟಗಾರರ ಎದೆಯ ಮೇಲೆ ತರೋದು ಹೇಗೆ? ಎಬಿಎ ಸ್ಪೋರ್ಟ್ ಅನ್ನೋ ಮೆಕ್ಸಿಕೊದ್ದೇ ಕಂಪನಿ ಕೊಟ್ಟ ಉತ್ತರ ಈ ಅಂಗಿ.

ಇನ್ನೊಂದು ಸ್ವಾರಸ್ಯ ಕೇಳಿ. ದಕ್ಷಿಣ ಕೊರಿಯಾ ವಿರುದ್ಧದ ಪಂದ್ಯದಲ್ಲಿ ಇಬ್ಬರು ಆಟಗಾರರು ಅಡ್ಡ ಬಂದಾಗ, ಮೆಕ್ಸಿಕೊದ ಬ್ಲಾಂಕೊ ಚೆಂಡನ್ನು ಎರಡೂ ಪಾದಗಳ ನಡುವೆ ಸಿಕ್ಕಿಸಿಕೊಂಡು ಕಪ್ಪೆ ಹಾಗೆ ಅವರ ಮಧ್ಯದಿಂದ ಹಾರಿಬಿಟ್ಟ. ಅವನ ಪೂರ್ತಿ ಹೆಸರು ಕ್ವಾಟೆಮೊಕ್ ಬ್ಲಾಂಕೊ. ಕ್ವಾಟೆಮೊಕ್ ಯಾರು ಗೊತ್ತಾ? ಆಜ್‌ಟೆಕ್ಕರ ಕೊನೆಯ ಚಕ್ರವರ್ತಿ. ಕೊನೆಯ ರಾಜನ ಹೆಸರು ಹೊತ್ತ ಹುಡುಗ, ಎದೆಯ ಮೇಲೆ ರಾಜಧಾನಿಯ ಕಲ್ಲು. ಮತ್ತೆ ಐದನೇ ಸ್ಥಾನ ಯಾಕೆ? ಗ್ಯಾಲರಿಯ ಕೊನೇ ಸಾಲಿನಲ್ಲಿ ಕೂತವನಿಗೆ ಆ ಕಲ್ಲು ಕಾಣಲ್ಲ. ಅದಕ್ಕೆ.

ನಾಲ್ಕನೇ ಸ್ಥಾನ: ಪಶ್ಚಿಮ ಜರ್ಮನಿ, 1990.

1954ರಲ್ಲಿ ಕಪ್ ಗೆದ್ದಾಗ, 1974ರಲ್ಲಿ ಗೆದ್ದಾಗ, ಜರ್ಮನ್ನರ ಅಂಗಿ ಅಂದ್ರೆ ಬಿಳಿ ಅಂಗಿ, ಕಪ್ಪು ಚಡ್ಡಿ. ಕಪ್ಪು-ಬಿಳುಪು ಹಳೇ ಪ್ರಷ್ಯಾ ರಾಜ್ಯದ ಬಣ್ಣ. ಹಿಟ್ಲರ್ ನಂತರ ಧ್ವಜ ಎತ್ತಿ ಮೆರೆಯೋಕೆ ಆ ದೇಶಕ್ಕೇ ಒಂಥರಾ ಸಂಕೋಚ. ಹಾಗಿದ್ದಾಗ ಅಡಿಡಾಸ್‌ನ ಇನಾ ಫ್ರಾಂಜ್‌ಮನ್ ಎಂಬ ಡಿಸೈನರ್ ಬಿಳಿ ಎದೆಯ ಮೇಲೆ ಕಪ್ಪು, ಕೆಂಪು, ಚಿನ್ನದ ಮೂರು ಪಟ್ಟಿಗಳನ್ನು ಗ್ರಾಫ್ ಗೆರೆಯ ಹಾಗೆ ಏರಿಳಿಸಿ ಹರಿಸಿದರು. ಧ್ವಜ ಇದೆ, ಆದರೆ ಧ್ವಜದ ಅಬ್ಬರ ಇಲ್ಲ.

ಈ ಅಂಗಿ ಮೊದಲು ದೊಡ್ಡ ಟೂರ್ನಿಯಲ್ಲಿ ಕಂಡದ್ದು 1988ರ ಯುರೋ ಕಪ್‌ನಲ್ಲಿ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. 1990ರ ಜುಲೈ 8ರಂದು ರೋಮ್‌ನಲ್ಲಿ ಇದೇ ಅಂಗಿ ತೊಟ್ಟ ಮತ್ತೇಯಸ್ ಕಪ್ ಎತ್ತಿದ. ಮೂರು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 3ಕ್ಕೆ ಎರಡು ಜರ್ಮನಿ ಒಂದಾದವು. ಕಪ್ಪು, ಕೆಂಪು, ಚಿನ್ನ ಎರಡೂ ಕಡೆಯ ಧ್ವಜದಲ್ಲಿತ್ತು. ಪೂರ್ವದವರು ಮಧ್ಯೆ ಸುತ್ತಿಗೆ ಮತ್ತು ಕೈವಾರ ಹಾಕಿಕೊಂಡಿದ್ದರು, ಅಷ್ಟೇ ವ್ಯತ್ಯಾಸ. ಹೀಗೆ ಆ ಅಂಗಿ ಒಂದಾಗೋ ದೇಶದ ಅಂಗಿ ಆಯ್ತು. ಆದರೆ ಡಿಸೈನ್ ಮಾಡುವಾಗ ಗೋಡೆ ಬೀಳುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದೃಷ್ಟಕ್ಕೆ ಪೂರ್ತಿ ಅಂಕ ಕೊಡೋಕಾಗಲ್ಲ. ನಾಲ್ಕೇ.

ಮೂರನೇ ಸ್ಥಾನ: ಕ್ರೊಯೇಷಿಯಾ, 1998.

ಕೆಂಪು-ಬಿಳಿ ಚೌಕಳಿ. ಚದುರಂಗದ ಹಾಸನ್ನೇ ಎತ್ತಿ ಮೈಮೇಲೆ ಹಾಕಿಕೊಂಡ ಹಾಗೆ. ಪ್ರಶ್ನೆ ಏನಿತ್ತು? ಯುಗೊಸ್ಲಾವಿಯಾದಿಂದ 1991ರಲ್ಲಿ ಬೇರೆಯಾದ ಒಂದು ಸಣ್ಣ ದೇಶ. ಜನಸಂಖ್ಯೆ ಅರ್ಧ ಕೋಟಿಯೂ ಇಲ್ಲ, ಅಂದ್ರೆ ಇವತ್ತಿನ ಬೆಂಗಳೂರಿನ ಅರ್ಧದಷ್ಟೂ ಅಲ್ಲ. ಯುದ್ಧದಿಂದ ಈಗಷ್ಟೇ ಎದ್ದು ಬಂದಿದೆ. ಜಗತ್ತಿಗೆ ನಾವೊಬ್ಬರು ಇದೀವಿ ಅಂತ ಒಂದೇ ನೋಟದಲ್ಲಿ ಗೊತ್ತಾಗಬೇಕು. ಉತ್ತರ ಅವರ ಹಳೆಯ ಲಾಂಛನದಲ್ಲೇ ಇತ್ತು. ಕಲಾವಿದ ಮಿರೊಸ್ಲಾವ್ ಶುತೆಯ್ ಆ ಚೌಕಳಿಯನ್ನು ಅಂಗಿಗೆ ತಂದರು. ಇನ್ನೂ ಯುಗೊಸ್ಲಾವಿಯಾದ ಭಾಗವಾಗಿದ್ದಾಗಲೇ, 1990ರ ಅಕ್ಟೋಬರ್‌ನಲ್ಲಿ, ಜಾಗ್ರೆಬ್‌ನಲ್ಲಿ ಅಮೆರಿಕ ವಿರುದ್ಧ ಕ್ರೊಯೇಷಿಯಾ ಹೆಸರಿನ ತಂಡ ಆಡಿತು. ದೇಶಕ್ಕಿಂತ ಮೊದಲು ತಂಡ ಬಂತು!

1998ರಲ್ಲಿ ಅವರದ್ದು ಮೊದಲ ವಿಶ್ವಕಪ್. ಜರ್ಮನಿಯನ್ನು 3-0 ಅಂತರದಲ್ಲಿ ಮನೆಗೆ ಕಳಿಸಿದರು. ಮೂರನೇ ಸ್ಥಾನಕ್ಕೆ ನಡೆದ ಪಂದ್ಯದಲ್ಲಿ ನೆದರ್ಲೆಂಡ್ಸ್ ಸೋತಿತು. ಆರು ಗೋಲು ಹೊಡೆದ ಶುಕರ್‌ಗೆ ಗೋಲ್ಡನ್ ಬೂಟ್. ಅಲ್ಲಿಂದ ಮುಂದೆ ಆ ಚೌಕಳಿಯ ಕೆಳಗೆ ದೇಶದ ಹೆಸರು ಬರೆಯೋ ಅಗತ್ಯವೇ ಬರಲಿಲ್ಲ.

ಆದರೆ ಇದಕ್ಕೊಂದು ಇನ್ನೊಂದು ಮುಖವೂ ಇದೆ, ಅದನ್ನು ಹೇಳದೇ ಹೋದರೆ ತಪ್ಪಾಗುತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಬೆಂಬಲದಿಂದ ಆಳಿದ ಉಸ್ತಾಶಾ ಸರ್ಕಾರವೂ ಇದೇ ಚೌಕಳಿಯನ್ನು ಬಳಸಿತ್ತು. ಆ ಸರ್ಕಾರ ಲಕ್ಷಾಂತರ ಸರ್ಬರು, ಯಹೂದಿಗಳು, ರೋಮಾ ಜನರನ್ನು ಕೊಂದಿತ್ತು. ಕ್ರೊಯೇಷಿಯಾದವರಿಗೆ ಅದು ಶತಮಾನಗಳ ಹಳೇ ಗುರುತು. ಅಪ್ಪ-ಅಜ್ಜಂದಿರನ್ನು ಕಳಕೊಂಡವರಿಗೆ ಅದನ್ನು ಕಂಡರೆ ಬೇರೇನೋ ನೆನಪಾಗುತ್ತೆ. ಒಂದೇ ಬಟ್ಟೆ, ಎರಡು ನೆನಪು.

ಎರಡನೇ ಸ್ಥಾನ: ಅರ್ಜೆಂಟೀನಾ, 1986.

ಈ ಅಂಗಿಯನ್ನು ಯಾವ ದೊಡ್ಡ ಡಿಸೈನರೂ ಮಾಡಲಿಲ್ಲ. ಇದನ್ನು ಅಂಗಡಿಯಿಂದ ಕೊಂಡು ತಂದದ್ದು! ಮೆಕ್ಸಿಕೊದಲ್ಲಿ ವಿಶ್ವಕಪ್. ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಪಂದ್ಯ. ಯಾಕೆ ಮಧ್ಯಾಹ್ನ? ಯುರೋಪಿನ ಟಿವಿ ಪ್ರೇಕ್ಷಕರಿಗೆ ಸಂಜೆ ಸಿಗಬೇಕಲ್ಲ, ಅದಕ್ಕೆ. ನಮ್ಮ ಟಿವಿ ಮಂದಿಯ ಕೆಲಸ ನೋಡಿ! ಅರ್ಜೆಂಟೀನಾದ ಪಟ್ಟೆ ಅಂಗಿ ಹಗುರವಾಗಿತ್ತು. ಎರಡನೇ ಅಂಗಿ, ಅಂದ್ರೆ ಕಡು ನೀಲಿ ಅಂಗಿ, ದಪ್ಪ ಹತ್ತಿಯದ್ದು. ಉರುಗ್ವೆ ವಿರುದ್ಧ ಅದನ್ನು ಹಾಕಿ ಆಡಿದಾಗ ನೀರು ಹೀರಿ ಮಣಭಾರ ಆಯ್ತು. ಮುಂದಿನ ಪಂದ್ಯ ಇಂಗ್ಲೆಂಡ್ ವಿರುದ್ಧ. ಅಲ್ಲೂ ನೀಲಿಯೇ ಹಾಕಬೇಕು. ಕೋಚ್ ಬಿಲಾರ್ಡೊ ಕೂತರೆ ಕೂರಲಾರ, ನಿಂತರೆ ನಿಲ್ಲಲಾರ.

ಹೊಸದನ್ನು ತಯಾರಿಸೋಕೆ ಸಮಯವಿಲ್ಲ. ತಂಡದ ಸಿಬ್ಬಂದಿ ಮೆಕ್ಸಿಕೊ ನಗರದ ಅಂಗಡಿಗಳನ್ನೆಲ್ಲ ಸುತ್ತಿ ಎರಡು ಬಗೆಯ ನೀಲಿ ಅಂಗಿ ಹಿಡಿದು ಬಂದರು. ಯಾವುದು ಅಂತ ತಲೆ ಕೆಡಿಸಿಕೊಂಡು ನಿಂತಾಗ ಮರಡೋನಾ ಬಂದು ಒಂದನ್ನು ತೋರಿಸಿದ: ಇದು ಚೆನ್ನಾಗಿದೆ, ಇದನ್ನು ಹಾಕಿಯೇ ಇಂಗ್ಲೆಂಡನ್ನು ಸೋಲಿಸೋಣ ಅಂದ. ಆಮೇಲೆ ಗಡಿಬಿಡಿಯಲ್ಲಿ ಬ್ಯಾಡ್ಜ್ ಹೊಲಿದರು. ಬೆನ್ನಿಗೆ ಅಮೆರಿಕನ್ ಫುಟ್‌ಬಾಲ್‌ನ ಬೆಳ್ಳಿ ಮಿರುಗಿನ ನಂಬರ್ ಅಂಟಿಸಿದರು.

1986ರ ಜೂನ್ 22. ಫಾಕ್‌ಲ್ಯಾಂಡ್ ಯುದ್ಧದಲ್ಲಿ ಇಂಗ್ಲೆಂಡಿಗೆ ಸೋತು ನಾಲ್ಕು ವರ್ಷ ಆಗಿತ್ತು. ಆ ಅಂಗಡಿ ಅಂಗಿಯಲ್ಲೇ ಮರಡೋನಾ ನಾಲ್ಕು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದ. ಒಂದು ಕೈಯಲ್ಲಿ ತಳ್ಳಿದ ಮೋಸದ ಗೋಲು. ಇನ್ನೊಂದು ಅರ್ಧ ಮೈದಾನ ಓಡಿ ಹೊಡೆದ ಗೋಲು, ಶತಮಾನದ ಗೋಲು ಅಂತ ಹೆಸರಾಯ್ತು. ಪಂದ್ಯ ಮುಗಿದ ಮೇಲೆ ಅಂಗಿಯನ್ನು ಇಂಗ್ಲೆಂಡಿನ ಸ್ಟೀವ್ ಹಾಜ್‌ಗೆ ಕೊಟ್ಟ. 2022ರಲ್ಲಿ ಆ ಅಂಗಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 71 ಲಕ್ಷ ಪೌಂಡ್‌ಗೆ ಮಾರಾಟವಾಯ್ತು. ಆಗಿನ ಲೆಕ್ಕದಲ್ಲಿ ಅರವತ್ತು ಕೋಟಿ ರೂಪಾಯಿಗೂ ಮೇಲೆ! ಸಮಸ್ಯೆ ಅರ್ಥ ಮಾಡಿಕೊಂಡವನಿಗೆ ಸ್ಟುಡಿಯೋ ಬೇಕಿಲ್ಲ, ಸಂತೆಯೂ ಸಾಕು.

ನಂಬರ್ ಒನ್‌ಗೆ ಹೋಗೋ ಮುಂಚೆ ಒಂದು ಸಣ್ಣ ಬ್ರೇಕ್. ಲಿಸ್ಟ್‌ನಿಂದ ನಾನೇ ಹೊರಗಿಟ್ಟ ಒಂದು ಅಂಗಿಯ ಕಥೆ.

1938, ಪ್ಯಾರಿಸ್. ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿ ಮತ್ತು ಫ್ರಾನ್ಸ್ ಎದುರುಬದುರು. ಎರಡರದ್ದೂ ನೀಲಿ. ಬದಲಾಯಿಸಬೇಕಾದದ್ದು ಇಟಲಿ, ಅವರ ಎರಡನೇ ಬಣ್ಣ ಬಿಳಿ. ಆದರೆ ಆಟಗಾರರು ಮೈದಾನಕ್ಕೆ ಇಳಿದದ್ದು ಕಪ್ಪು ಅಂಗಿಯಲ್ಲಿ. ಕಪ್ಪು ಅಂಗಿ ಅಂದ್ರೆ ಮುಸೊಲಿನಿಯ ಫ್ಯಾಸಿಸ್ಟ್ ಪಡೆಯ ಸಮವಸ್ತ್ರ. ಇಟಲಿ 3-1ರಿಂದ ಗೆದ್ದಿತು, ಆಮೇಲೆ ಕಪ್ಪನ್ನೂ ಗೆದ್ದಿತು. ನೋಡೋಕೆ ಆ ಅಂಗಿ ಚೆನ್ನಾಗಿಯೇ ಇತ್ತು. ಆದರೆ ಅವತ್ತು ಅದು ದೇಶದ ಅಂಗಿ ಆಗಿರಲಿಲ್ಲ, ಒಬ್ಬ ಮನುಷ್ಯನ ಅಂಗಿ ಆಗಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಒಂದನೇ ಸ್ಥಾನ: ಬ್ರೆಜಿಲ್.

ಗೊತ್ತಿತ್ತು ಅಂತೀರಾ? ಹಳದಿ ಅಂಗಿ ಗೊತ್ತು. ಅದು ಎಲ್ಲಿಂದ ಬಂತು ಗೊತ್ತಾ? 1950ರವರೆಗೆ ಬ್ರೆಜಿಲ್ ಆಡುತ್ತಿದ್ದದ್ದು ಬಿಳಿ ಅಂಗಿಯಲ್ಲಿ. ಆ ವರ್ಷ ವಿಶ್ವಕಪ್ ಅವರ ಮನೆಯಲ್ಲೇ. ಜುಲೈ 16, ರಿಯೊದ ಮರಕಾನಾ ಮೈದಾನ. ಸುಮಾರು ಎರಡು ಲಕ್ಷ ಜನ. ಕೊನೆಯ ಪಂದ್ಯ ಉರುಗ್ವೆ ವಿರುದ್ಧ, ಡ್ರಾ ಆದರೂ ಕಪ್ ಬ್ರೆಜಿಲ್‌ದು. ಮೊದಲ ಗೋಲೂ ಅವರದ್ದೇ. ಆಮೇಲೆ ಉರುಗ್ವೆ ಒಂದು ಹೊಡೆಯಿತು. 79ನೇ ನಿಮಿಷದಲ್ಲಿ ಘಿಜಿಯಾ ಇನ್ನೊಂದು ಹೊಡೆದ. 2-1. ಎರಡು ಲಕ್ಷ ಜನ ಇದ್ದ ಮೈದಾನ ಸ್ಮಶಾನದ ಹಾಗೆ ಸ್ತಬ್ಧವಾಯ್ತು. ಗೋಲ್‌ಕೀಪರ್ ಬಾರ್ಬೊಸಾ ಆ ಒಂದು ಗೋಲಿನ ಶಾಪವನ್ನು 2000ನೇ ಇಸವಿಯಲ್ಲಿ ಸಾಯೋವರೆಗೂ ಹೊತ್ತ. ಬಿಳಿ ಅಂಗಿಯ ಮೇಲೂ ಶಾಪ ಬಿತ್ತು. ಅದರಲ್ಲಿ ದೇಶದ ಕಳೆಯೇ ಇಲ್ಲ ಅಂದರು ಜನ.

1953ರಲ್ಲಿ ಕೊರೆಯೊ ದ ಮನ್ಯಾ ಎಂಬ ಪತ್ರಿಕೆ ಒಂದು ಸ್ಪರ್ಧೆ ಇಟ್ಟಿತು. ಹೊಸ ಸಮವಸ್ತ್ರ ಬರೆದು ಕಳಿಸಿ. ಷರತ್ತು ಒಂದೇ: ಧ್ವಜದ ನಾಲ್ಕೂ ಬಣ್ಣ ಇರಬೇಕು. ಹಸಿರು, ಹಳದಿ, ನೀಲಿ, ಬಿಳಿ. ಮಾಡಿ ನೋಡಿ, ನಾಲ್ಕು ಬಣ್ಣ ಸೇರಿಸಿದರೆ ಜಾತ್ರೆಯ ಬಲೂನಿನಂತೆ ಕಾಣೋದೇ ಹೆಚ್ಚು. ದಕ್ಷಿಣದ ಗಡಿ ಸೀಮೆಯಲ್ಲಿ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ 19ರ ಹುಡುಗ ಅಲ್ದಿರ್ ಗಾರ್ಸಿಯಾ ಶ್ಲೀ ನೂರಕ್ಕೂ ಹೆಚ್ಚು ನಕ್ಷೆ ಹಾಕಿ, ಹರಿದು, ಮತ್ತೆ ಹಾಕಿದ. ಕೊನೆಗೆ ಸಿಕ್ಕ ಉತ್ತರ ಇದು: ನಾಲ್ಕೂ ಬಣ್ಣವನ್ನು ಅಂಗಿಗೇ ತುರುಕಬೇಡ, ಮೈಗೆಲ್ಲ ಹಂಚು. ಹಳದಿ ಅಂಗಿಗೆ ಹಸಿರು ಅಂಚು, ನೀಲಿ ಚಡ್ಡಿಗೆ ಬಿಳಿ ಪಟ್ಟಿ, ಬಿಳಿ ಕಾಲುಚೀಲ. ಎಪ್ಪತ್ತು ವರ್ಷ ಆದಮೇಲೂ ಆ ಹಂಚಿಕೆ ಹಾಗೇ ಇದೆ. ಇಂಜಿನಿಯರಿಂಗ್ ಭಾಷೆಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

1970ರ ಮೆಕ್ಸಿಕೊ ವಿಶ್ವಕಪ್ ಬಣ್ಣದಲ್ಲಿ ಪ್ರಸಾರವಾದ ಮೊದಲ ವಿಶ್ವಕಪ್. ಜಗತ್ತು ಟಿವಿಯಲ್ಲಿ ಪೆಲೆಯನ್ನು ಮೊದಲ ಬಾರಿ ಹಳದಿಯಲ್ಲಿ ಕಂಡಿತು. ಆ ಹಳದಿಯ ಹುಚ್ಚು ನಮ್ಮ ಬೆಂಗಳೂರಿನ ಗೌತಮಪುರದವರೆಗೂ ಬಂತು. ಅಂಬೇಡ್ಕರ್, ಮದರ್ ತೆರೇಸಾ ಜೊತೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಬಡಾವಣೆ ಅದು.

ಆದರೆ 1970ರ ಆ ಗೆಲುವನ್ನು ತಮ್ಮ ಸಾಧನೆ ಅಂತ ಮೆರೆಸಿಕೊಂಡವರು ಬ್ರೆಜಿಲ್‌ನ ಸೇನಾ ಸರ್ವಾಧಿಕಾರಿಗಳು. ಇತ್ತೀಚೆಗೆ ಅದೇ ಹಳದಿ ಬೊಲ್ಸೊನಾರೊ ಬೆಂಬಲಿಗರ ಗುರುತಾಯ್ತು. 2023ರ ಜನವರಿ 8ರಂದು ಬ್ರೆಸಿಲಿಯಾದ ಸಂಸತ್ತಿಗೆ, ಸುಪ್ರೀಂ ಕೋರ್ಟಿಗೆ ನುಗ್ಗಿ ಪುಡಿಗಟ್ಟಿದವರಲ್ಲಿ ಎಷ್ಟೋ ಜನ ಹಾಕಿದ್ದು ಅದೇ ಅಂಗಿ. ಹಾಗಾಗಿ ಅದನ್ನು ತೊಟ್ಟು ಬೀದಿಗೆ ಇಳಿಯೋಕೆ ಹಿಂಜರಿದ ಬ್ರೆಜಿಲಿಯನ್ನರೂ ಇದ್ದಾರೆ. ಎಲ್ಲರ ಅಂಗಿಯನ್ನು ಕೆಲವರು ತಮ್ಮದು ಅಂದಾಗ ಉಳಿದವರು ಏನು ಹಾಕಿಕೊಳ್ಳಬೇಕು? 1938ರ ಕಪ್ಪು ಅಂಗಿಯನ್ನು ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಡಿಸೈನರ್ ಬಣ್ಣ ಕೊಡಬಹುದು. ಅದನ್ನು ಎಲ್ಲರದ್ದಾಗಿ ಉಳಿಸಿಕೊಳ್ಳೋ ಕೆಲಸ ತೊಟ್ಟವರದ್ದು.

ಹಾಗಾದರೆ ಶ್ಲೀ ಏನಾದ? ಮುಂದೆ ಒಳ್ಳೆಯ ಲೇಖಕನಾದ, ಗಡಿನಾಡಿನ ಜನರ ಕಥೆ ಬರೆದ. ಉರುಗ್ವೆ ಗಡಿಯಲ್ಲೇ ಬೆಳೆದವನಲ್ಲವಾ, ಬ್ರೆಜಿಲ್‌ಗೆ ಹಳದಿ ಅಂಗಿ ಕೊಟ್ಟ ಅವನು ಫುಟ್‌ಬಾಲ್‌ನಲ್ಲಿ ಬೆಂಬಲಿಸುತ್ತಿದ್ದದ್ದು ಉರುಗ್ವೆಯನ್ನು! ಅದನ್ನು ಮುಚ್ಚಿಡಲೂ ಇಲ್ಲ. 2018ರ ನವೆಂಬರ್ 15ರಂದು ತೀರಿಕೊಂಡ. ಮರುದಿನ ಲಂಡನ್ನಿನಲ್ಲಿ ಬ್ರೆಜಿಲ್‌ಗೆ ಒಂದು ಪಂದ್ಯ ಇತ್ತು. ಎದುರಾಳಿ ಯಾರು ಅಂತೀರಿ?

ಉರುಗ್ವೆ.